ಕುಕಿಯ ಮೇಲಿನ ಹೆಬ್ಬೆರಳು

ಮಿನಸೋಟ
ನವೆಂಬರ್ ೪, ೧೯೮೬

ನನ್ನ ನೋಲಾ,

ಹೇಗಿದ್ದೀಯ ಮಗಳೇ? ನಿನ್ನ ಕಾಗದ ಬಂದು ತಿಂಗಳ ಮೇಲಾಯ್ತು. ಬೈಕೋಬೇಡ. ಚರ್ಚಿನವರು ಚಳಿಗಾಲದ ಬಟ್ಟೆ ಸೇರಿಸ್ತಿದ್ದಾರೆ, ವೆಂಡೆಲ್‌ನ ನೀಲಿ ಕೋಟು ಕೊಟ್ಟುಬಿಡಲಾ ಅಂತ ಕೇಳಿದ್ದೆಯಲ್ಲ, ಅದಕ್ಕೆ ಏನು ಬರೀಬೇಕು ಅಂತಲೇ ತೋಚಲಿಲ್ಲ. ‘ಮಾರ್ಚಿನಲ್ಲಿ ನನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದೀನಿ, ಆದ್ರೂ ಮಗನಿಗೆ ಚಳಿಯಾದ್ರೆ ಅನ್ಸುತ್ತೆ ಅಮ್ಮ’ ಅಂದಿದ್ದೆ. ಅದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹ್ಯಾಲೋವೀನ್ ದಿನ ಜಗಲಿ ದೀಪ ಹಚ್ಚಿಟ್ಟು, ವೇಷ ಹಾಕಿ ಮಿಠಾಯಿ ಕೇಳೋಕೆ ಬರೋ ಮಕ್ಕಳಿಗೆ ಅಂತ ಬುಟ್ಟಿ ತುಂಬ ಚಾಕೊಲೇಟ್ ಬಾರ್ ಇಟ್ಕೊಂಡು ಕೂತಿದ್ದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಮೊಮ್ಮಗನನ್ನ ಕಳಕೊಂಡ ಮನೆ ಅಂತ ತಾಯಂದಿರು ಮಕ್ಕಳನ್ನ ರಸ್ತೆಯ ಆಚೆ ಬದಿಯಿಂದಲೇ ದಾಟಿಸಿಕೊಂಡು ಹೋದರು. ತಪ್ಪಲ್ಲ ಬಿಡು. ಆದರೆ ಬುಟ್ಟಿ ಹಾಗೇ ಉಳೀತು.

ವರ್ಷಾ ವರ್ಷಾ ಉಳಿದ ಬಾರುಗಳನ್ನ ಕೊಚ್ಚಿ ನಾನೂ ವೆಂಡೆಲೂ ಕುಕಿ ಮಾಡ್ತಿದ್ವಲ್ಲ, ಎಸೆಯೋಕೆ ಮನಸ್ಸು ಬರಲಿಲ್ಲ. ನಿನ್ನೆ ಮಧ್ಯಾಹ್ನ ಬೆಣ್ಣೆ, ಕಂದು ಸಕ್ಕರೆ ನಾದಿ, ಹಿಟ್ಟು ಕಲಸಿ, ಉಂಡೆ ಕಟ್ಟಿ ಟ್ರೇಯಲ್ಲಿ ಸಾಲಾಗಿ ಇಟ್ಟೆ. ಬರೀ ದುಂಡನೆ ಉಂಡೆ. ಪ್ರತಿಯೊಂದಕ್ಕೂ ಹೆಬ್ಬೆರಳು ಒತ್ತಿ ಗುಂಡಿ ಮಾಡಿ, ‘ಅಜ್ಜಿ, ನಿಧಿ ಹೂಳ್ತಿದ್ದೀನಿ’ ಅಂತ ಚಾಕೊಲೇಟ್ ಚೂರು ಇಡೋದು ಅವನ ಕೆಲಸ. ಅದನ್ನ ನಾನು ಮಾಡಬಾರದು ಅಂತ ಬಿಟ್ಟಿದ್ದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಮನೆ ಆರ್ವಿಡ್, ತನ್ನ ಮನೇಲಿ ಉಳಿದ ಬಾರುಗಳನ್ನ ಚೀಲದಲ್ಲಿ ಹಿಡಿದು ನಿಂತಿದ್ದ. “ತಗೋ ಅಡಲೀನ್, ನನ್ನ ಹಲ್ಲು ಹೋಗಿದ್ದಾಯ್ತು, ನಿಂದೂ ಹೋಗ್ಲಿ” ಅಂದ. ಬೂಟಿನ ತುಂಬ ಹಿಮ ಅಂತ ಹೊಸಿಲಾಚೆಯೇ ನಿಂತಿದ್ದ. ಒಂದೆರಡು ಮಾತಾಡಿ, ಚೀಲ ಇಟ್ಟು ಬರೋಣ ಅಂತ ಒಳಗೆ ಬಂದೆ.

ಅಷ್ಟೂ ಉಂಡೆಗಳ ಮೇಲೆ ಗುಂಡಿ ಇತ್ತು ನೋಲಾ. ಪುಟ್ಟ ಹೆಬ್ಬೆರಳಿನ ಗುಂಡಿ. ಎಲ್ಲವೂ ಸ್ವಲ್ಪ ವಾರೆ, ನಮ್ಮ ಎಡಚ ವೆಂಡೆಲ್ ಒತ್ತುತ್ತಿದ್ದ ಹಾಗೆ.

ಆರ್ವಿಡ್‌ನನ್ನ ಬೂಟಿನ ಸಮೇತ ಒಳಗೆ ಎಳಕೊಂಡು ಬಂದೆ. ಅವನು ಬಗ್ಗಿ ನೋಡಿ, “ಇಲಿ ಗಿಲಿ ಓಡಾಡಿರ್ಬೇಕು” ಅಂದ.

“ಇಲಿಗೆ ಹೆಬ್ಬೆರಳಿರುತ್ತೇನೋ?”

“ಹಾಗಾದ್ರೆ ನೀನೇ ಒತ್ತಿ ಮರ್ತಿದ್ದೀಯ. ವಯಸ್ಸಾಯ್ತು ನಿಂಗೆ.”

ನನ್ನ ಸಂಧಿವಾತದ ಹೆಬ್ಬೆರಳನ್ನ ಅವನ ಮೂಗಿನ ಮುಂದೆ ಹಿಡಿದೆ. ಅದನ್ನ ಮಡಿಸೋಕೂ ಒತ್ತೋಕೂ ಆಗಲ್ಲ ಅನ್ನೋದು ಅವನಿಗೆ ಗೊತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಕೊಂಡ. ಹೋಗುವಾಗ ಮೆಲ್ಲಗೆ, “ಚೂರು ಇಡು ಮತ್ತೆ. ಕಾಯ್ತಿರ್ತಾನೆ” ಅಂದ.

ಇಟ್ಟೆ. ಬೇಯಿಸಿದೆ. ಮನೆಯೆಲ್ಲ ಅದೇ ವಾಸನೆ. ಹೆದರಿಕೆ ಆಗಲಿಲ್ಲ ಅಂದ್ರೆ ಸುಳ್ಳು, ಆದರೆ ಅಡುಗೆಮನೆ ಬಿಟ್ಟು ಬರೋಕೂ ಮನಸ್ಸಾಗಲಿಲ್ಲ. ಈ ಕಾಗದದ ಜೊತೆ ಒಂದು ಡಬ್ಬಿ ಕಳಿಸ್ತಿದ್ದೀನಿ. ಅಮ್ಮನಿಗೆ ತಲೆ ಕೆಟ್ಟಿದೆ ಅನ್ನಿಸಿದರೆ ಅನ್ನಿಸಲಿ, ನೀನೇ ಕಣ್ಣಾರೆ ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಮ್ಮ,
ಅಡಲೀನ್

ಮರೆತಿದ್ದು: ಹೋದ ವರ್ಷ ಅವನು ಮಾಡಿದ ಕುಕಿ ಒಂದು ಫ್ರೀಜರ್‌ನಲ್ಲಿ ಉಳಿದಿತ್ತು. ನಿನಗೆ ಹೇಳಿರಲಿಲ್ಲ. ಇವತ್ತು ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಎರಡು ಕುಕಿಯೂ ಒಂದೇ ಅಗಲ. ಆದರೆ ಹಳೇ ಗುಂಡಿಯಲ್ಲಿ ನನ್ನ ಕಿರುಬೆರಳು ಮಾತ್ರ ಹಿಡಿಯುತ್ತೆ, ಹೊಸದರಲ್ಲಿ ನಡುಬೆರಳು ಸಲೀಸಾಗಿ ಕೂರುತ್ತೆ. ಕೋಟು ಕೊಟ್ಟುಬಿಡು ಮಗಳೇ. ಅದು ಈಗ ಅವನಿಗೆ ಚಿಕ್ಕದಾಗುತ್ತೆ.