ಎಲ್ಲ ಪುಟಗಳಲ್ಲೂ ಇದ್ದ ಆ ಒಂದು ಸಾಲು

ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಹಡಗಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಅಥವಾ ಅದೂ ನಿನ್ನ ಪೆಟ್ಟಿಗೆಯಲ್ಲಿ ಮುಚ್ಚಳ ತೆಗೆಯದೆ ಕೂತಿದೆಯೋ? ಇದನ್ನೇ ಮೊದಲು ಕೇಳಬೇಕೆಂದು ಅಮ್ಮನ ಕಟ್ಟಪ್ಪಣೆ, ಕೇಳಿದ್ದೇನೆ. ಅಮ್ಮನ ಮಂಡಿ ಈಗ ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ಮನೆ ಕಟ್ಟಿದವನಿಗೆ ಹಿಡಿಶಾಪ ಹಾಕುತ್ತಾಳೆ. ಅಪ್ಪ ಚೆನ್ನಾಗಿದ್ದಾರೆ, ಎಷ್ಟು ಚೆನ್ನಾಗಿದ್ದಾರೆ ಎಂಬುದೇ ಈ ಕಾಗದದ ವಿಷಯ. ನಾನಂತೂ ಈ ವಾರವಿಡೀ ನೆಲದ ಮೇಲೆ ಕಾಲಿಟ್ಟಿಲ್ಲ. ಈ ಕಾಗದವನ್ನು ಆಗಲೇ ಎರಡು ಸಲ ಶುರು ಮಾಡಿ, ಮೊದಲ ಸಾಲಿನಲ್ಲೇ ಎಲ್ಲವನ್ನೂ ಒದರಿಬಿಟ್ಟು, ಹರಿದು ಹಾಕಿದ್ದೇನೆ. ಈ ಸಲ ಕ್ರಮವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದು, ಕೊನೆಗೆ ಹಾರಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ಇಡೀ ಲೋಕದ ಇಂಟರ್ನೆಟ್ ಹಾದುಹೋಗುವ ಕೇಬಲ್ಲನ್ನು ಸಮುದ್ರದ ತಳದಿಂದ ಎತ್ತಿ ರಿಪೇರಿ ಮಾಡುವ ಹಡಗಿನಲ್ಲಿ ನೀನಿದ್ದೀಯ, ನಿನಗೆ ಮಾತ್ರ ಬಂದರು ಮುಟ್ಟುವ ತನಕ ನೆಟ್ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನಗು. ಹಾಗಾಗಿ ಇಲ್ಲಿ ನಡೆದದ್ದೊಂದೂ ನಿನಗೆ ತಿಳಿದಿರಲಾರದು. ನಿನ್ನ ಹಿಂದಿನ ಕಾಗದದಲ್ಲಿ ಬರೆದಿದ್ದೆಯಲ್ಲ, "ಅಂಗಡಿಗೆ ನಾನು ಮಾಡಿದ ವೆಬ್‌ಸೈಟನ್ನು ತೆಗೆದುಹಾಕು, ಅದರಲ್ಲಿರುವುದನ್ನೆಲ್ಲ ಚಿಕ್ಕಮ್ಮನ ಬ್ಲಾಗಿಗೆ ಸುರಿದುಬಿಡು, ಈ ಕಾಲದಲ್ಲಿ ಕೈಯಲ್ಲಿ ಕೋಡ್ ಬರೆಯುವುದು ಹುಚ್ಚುತನ" ಎಂದು. ತೆಗೆದುಹಾಕಿಲ್ಲ ಕಣೋ. ತೆಗೆಯುವುದೂ ಇಲ್ಲ.

ಆ ಕಾಗದ ಬಂದ ಹೊತ್ತಿಗೆ ಇಲ್ಲಿ ಎಲ್ಲ ಮುಗಿದೇ ಹೋದಂತಿತ್ತು. ನಿನಗೆ ಹೇಳಬಾರದೆಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು, ಈಗ ಹೇಳುತ್ತೇನೆ. ಮಳಿಗೆಯನ್ನು ಎದುರಿನ ಔಷಧಿ ಅಂಗಡಿಯವರಿಗೆ ಬಿಟ್ಟುಕೊಡುವುದಾಗಿ ಅಪ್ಪ ಮಾತು ಕೊಟ್ಟಾಗಿತ್ತು, ಅವರಿಗೆ ಗೋಡೌನ್ ಬೇಕಂತೆ. ಈ ಮಾರ್ಚ್ ಕೊನೆಗೆ ಬೀಗದ ಕೈ ಕೊಡುವುದೆಂದು ತೀರ್ಮಾನ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಜೀವ ತೇಯ್ದ ಮನುಷ್ಯ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತ ಕೂತಿದ್ದನ್ನು ನೋಡಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ನಿಮ್ಮಣ್ಣ ಲೋಕಕ್ಕೆಲ್ಲ ಕಾಣೋ ಹಾಗೆ ಬರೆದಿಟ್ಟು ಹೋದ. ಲೋಕ ನೋಡ್ತು, ಬೇಡ ಅಂತು. ಇನ್ನು ನಾನ್ಯಾಕೆ ಬಾಗಿಲು ತೆಕ್ಕೊಂಡು ನೊಣ ಹೊಡೀಲಿ?" ಅಷ್ಟು ಹೇಳಿ ಮತ್ತೆ ಸ್ಕ್ರೂ. ಅವರ ಬಾಯಲ್ಲಿ ನೀನು ಈಗ 'ನಿಮ್ಮಣ್ಣ' ಅಥವಾ 'ಹಡಗಿನವನು'. ಸದಾ ಯಂತ್ರದ ಮೇಜಿನ ಕೆಳಗೆ ದಾರದ ಉರುಳೆಯ ಹಾಗೆ ಉರುಳಾಡುತ್ತಿದ್ದ ನಿನಗೆ 'ಬಾಬಿನ್' ಎಂದು ಹೆಸರಿಟ್ಟವರೇ, ನೀನು ಕಸುಬು ಬಿಟ್ಟು ಹಡಗು ಹತ್ತಿದ ಮೇಲೆ ಆ ಹೆಸರನ್ನು ಬಾಯಿಗೆ ತಂದಿಲ್ಲ.

ಸರಿ, ಚಿಕ್ಕಮ್ಮನ ಬ್ಲಾಗಿಗೆ ಬರೋಣ. ಪಕ್ಕದ ಮಳಿಗೆಯಲ್ಲಿ ದಾರ, ಗುಂಡಿ, ಲೇಸು ಮಾರುವವಳು ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಳು, ಕಾಫಿ ಹೊತ್ತಿಗೆ ಬ್ಲಾಗು ತಯಾರು! ಮೂಲೆಮೂಲೆಯಲ್ಲಿ ಹೂವು ಉದುರುತ್ತವೆ, ಚಿಟ್ಟೆ ಹಾರುತ್ತದೆ, ತೆರೆದುಕೊಳ್ಳುವ ಹೊತ್ತಿಗೆ ನಾವು ಕೈಕಾಲು ತೊಳೆದು ಬರಬಹುದು. ಆದರೂ ವಾರ ಕಳೆಯುವುದರೊಳಗೆ ಸರ್ಚಿನಲ್ಲಿ ಅವಳ ಬ್ಲಾಗು ಕಾಣಿಸಿತು. ಬ್ಲಾಗು ಕೊಡುವ ಕಂಪನಿಯವರೇ ಪುಟಗಳ ಪಟ್ಟಿ ಮಾಡಿ ಸರ್ಚಿಗೆ ಒಪ್ಪಿಸುತ್ತಾರೆ, ಫೋನಿಗೆ ಸರಿಹೊಂದಿಸುತ್ತಾರೆ, ಇವಳು ಕೈ ಬೀಸಿಕೊಂಡು ಬರೆದರಾಯಿತು. ಅವಳ ಜಂಭ ನೀನು ನೋಡಬೇಕಿತ್ತು. "ನೀನು ಒಂದೊಂದು ಇಟ್ಟಿಗೆ ಹೊತ್ಕೊಂಡು ಮನೆ ಕಟ್ಟು ತಾಯಿ, ನಾನು ಯಾರೋ ಕಟ್ಟಿರೋ ಮನೆಗೇ ಹಾಲು ಉಕ್ಕಿಸೋಕೆ ಪಾತ್ರೆ ತಗೊಂಡು ಹೋದೆ" ಎಂದು ದಿನವೂ ಕುಟುಕು.

ನಾನೂ ಹಟಕ್ಕೆ ಬಿದ್ದೆ. ನಿನ್ನ ಪುಟಗಳಿಗೆಲ್ಲ ಒಂದೇ ತಲೆಬರಹವಿತ್ತು, ಅದನ್ನು ತಿದ್ದಿ ಪ್ರತಿ ಪುಟಕ್ಕೂ ಅದರದ್ದೇ ತಲೆಬರಹ ಕೊಟ್ಟೆ. ಫೋಟೋಗಳನ್ನು ಸಣ್ಣದು ಮಾಡಿದೆ. ಫೋನಿನಲ್ಲಿ ಅಕ್ಷರ ಇರುವೆಯಂತೆ ಕಾಣುತ್ತಿದ್ದದ್ದನ್ನು ಸರಿಪಡಿಸಿದೆ. ಅಂಗಡಿಯ ಫೋನ್ ನಂಬರ್ ಬದಲಾಗಿತ್ತು. ಬ್ಲಾಗಿನಲ್ಲಾದರೆ ಒಂದು ಕಡೆ ಬದಲಿಸಿದರೆ ಸಾಕು, ನಿನ್ನ ಕೈಕೆಲಸದಲ್ಲಿ ಪುಟಪುಟಕ್ಕೂ ಹೋಗಿ ಬದಲಿಸಬೇಕು. ನಿನ್ನನ್ನು ಎಷ್ಟು ಬೈದುಕೊಂಡೆನೆಂದರೆ ಅಲ್ಲಿ ನಿನಗೆ ಬಿಕ್ಕಳಿಕೆ ಬಂದಿರಬೇಕು. ಇಷ್ಟೆಲ್ಲ ಮಾಡಿ ಅಂಗಡಿಯ ಪೂರ್ತಿ ಹೆಸರು ಹಾಕಿ ಹುಡುಕಿದರೂ ಚಿಕ್ಕಮ್ಮನ ಚಿಟ್ಟೆ ಬರುತ್ತದೆ, ನಮ್ಮ ಸೈಟಿನ ಸುಳಿವಿಲ್ಲ. ಹತ್ತು ಪುಟ ಮುಂದಕ್ಕೆ ಹೋದರೂ ಇಲ್ಲ.

ನನಗೆ ಉರಿದದ್ದು ಎಲ್ಲಿ ಗೊತ್ತೇ? ಚಿಕ್ಕಮ್ಮನ ಬ್ಲಾಗಿಗೆ ಜನ ಬರುತ್ತಿದ್ದರು, ಆದರೆ ಒಬ್ಬರೂ ಅಂಗಡಿಗೆ ಫೋನ್ ಮಾಡುತ್ತಿರಲಿಲ್ಲ. ಮಾಡುವುದಾದರೂ ಯಾಕೆ? ಅವಳು ಬರೆದದ್ದು 'ಜೀವನದಲ್ಲಿ ಹೊಲಿಗೆಯ ಮಹತ್ವ'. ಯಂತ್ರ ಕೈಕೊಟ್ಟು, ಅರ್ಧ ಹೊಲಿದ ಅಂಗಿ ಮುಂದಿಟ್ಟುಕೊಂಡವರಿಗೆ ಮಹತ್ವ ಯಾಕೆ ಬೇಕು? ಅವರಿಗೆ ಬೇಕಾದದ್ದೆಲ್ಲ ನಿನ್ನ ಪುಟಗಳಲ್ಲಿತ್ತು. ಅಪ್ಪ ಫೋನಿನಲ್ಲಿ ರೋಗ ಕಂಡುಹಿಡಿಯುವ ರೀತಿ ನೆನಪಿದೆಯಲ್ಲ, "ಏನಾಗಿದೆ ಅಂತ ಹೇಳ್ಬೇಡಿ, ಹೇಗೆ ಕೂಗುತ್ತೆ ಅಂತ ಕೂಗಿ ತೋರಿಸಿ" ಎನ್ನುತ್ತಾರಲ್ಲ, ಆ ಕಡೆಯವರು ನಾಚಿಕೆ ಬಿಟ್ಟು ಕರಕರ, ಟಕಟಕ ಎಂದು ಕೂಗಿದರೆ ಇವರು ಕಣ್ಣು ಮುಚ್ಚಿ ಕೇಳಿ ಇಂಥಲ್ಲೇ ದೋಷ ಎನ್ನುತ್ತಾರಲ್ಲ, ಅದನ್ನೆಲ್ಲ ನೀನು ಅವರ ಪಕ್ಕದಲ್ಲಿ ಕೂತು ಒಂದೊಂದು ಶಬ್ದಕ್ಕೆ ಒಂದೊಂದು ಪುಟವಾಗಿ ಬರೆದಿದ್ದೆ. ಕರಕರ ಎಂದರೆ ಏನು, ಟಕ್ ಎಂದು ದಾರ ಹರಿದರೆ ಏನು, ಗುಂಯ್ ಎಂದು ಚಕ್ರ ಮಾತ್ರ ತಿರುಗಿದರೆ ಏನು. ಅಂಥ ಪುಟಗಳನ್ನು ಲೋಕ ಬೇಡ ಎಂದಿತೇ? ನಾನು ನಂಬಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅಪ್ಪನ ಕೆಲಸದ ಕ್ರಮವೇ. ಯಾವುದಾದರೂ ಯಂತ್ರದ ರೋಗ ಎಷ್ಟು ಹುಡುಕಿದರೂ ಸಿಗದಿದ್ದರೆ ಅವರು ಅದರ ಪಕ್ಕ ಸರಿಯಾಗಿ ಓಡುವ ಯಂತ್ರವೊಂದನ್ನು ಇಟ್ಟು ಎರಡರ ಚಕ್ರವನ್ನೂ ಎರಡು ಕೈಯಲ್ಲಿ ಒಟ್ಟಿಗೆ ನಿಧಾನವಾಗಿ ತಿರುಗಿಸುತ್ತಾರೆ. "ಎಲ್ಲಿ ಜೋಡಿ ತಪ್ಪುತ್ತೋ ಅಲ್ಲಿ ನೋಡು." ಹೋದ ತಿಂಗಳು ಒಂದು ಗುರುವಾರ ಅವರು ಹಾಗೆ ತಿರುಗಿಸುವುದನ್ನೇ ನೋಡುತ್ತ ಕೂತಿದ್ದ ನನಗೆ ತಟ್ಟನೆ ಹೊಳೆಯಿತು. ಚಿಕ್ಕಮ್ಮನ ಬ್ಲಾಗಿನ ಒಳಗಿನ ಕೋಡನ್ನು ಒಂದು ಕಡೆ ತೆರೆದೆ, ನಿನ್ನದನ್ನು ಇನ್ನೊಂದು ಕಡೆ. ಮೇಲಿನಿಂದ ಸಾಲುಸಾಲಾಗಿ ಎರಡನ್ನೂ ಒಟ್ಟಿಗೆ ಇಳಿಸುತ್ತ ಬಂದೆ. ಬೇಡದ ಅಲಂಕಾರವನ್ನೆಲ್ಲ ದಾಟಿಕೊಂಡು ನೋಡಿದರೆ ಅವಳದರಲ್ಲಿ ಇಲ್ಲದ, ನಿನ್ನದರಲ್ಲಿ ಮಾತ್ರ ಇದ್ದ ಒಂದು ಪುಟ್ಟ ಸಾಲು! ಏನು ಹೇಳು ನೋಡೋಣ. 'ನೋ ಇಂಡೆಕ್ಸ್'! ಈ ಪುಟವನ್ನು ಯಾರಿಗೂ ತೋರಿಸಬೇಡ ಎಂದು ಸರ್ಚಿಗೆ ನೀನೇ ಕೈಯಾರೆ ಬರೆದಿಟ್ಟ ಅಪ್ಪಣೆ!

ನೆನಪಾಯಿತೇ? "ಅರ್ಧಂಬರ್ಧ ಆಗಿರೋದನ್ನ ಯಾರ ಕಣ್ಣಿಗೂ ಹಾಕ್ಬೇಡ, ಪೂರ್ತಿ ಆಗ್ಲಿ" ಎಂದು ಅಪ್ಪ ನಿನಗೆ ತಾಕೀತು ಮಾಡಿದ್ದರು. ಟ್ರಯಲ್ ಮುಗಿಯದ ಯಂತ್ರಕ್ಕೆ ಬಟ್ಟೆ ಮುಚ್ಚಿಡುವವರಲ್ಲವೇ ಅವರು. ನೀನು ಹೇಳಿದ ಮಾತು ಕೇಳುವ ಮಗನಾಗಿ ಆ ಸಾಲು ಹಾಕಿದೆ, ಆಮೇಲೆ ಪ್ರತಿ ಹೊಸ ಪುಟಕ್ಕೂ ಹಳೆಯ ಪುಟದ ತಲೆಯನ್ನೇ ನಕಲು ಮಾಡಿ ಅಂಟಿಸಿದೆ, ಹಡಗಿನ ಕರೆ ಬಂತು, ಬಟ್ಟೆ ತೆಗೆಯದೆ ಹೊರಟುಹೋದೆ. ಬ್ಲಾಗಿನಲ್ಲಿ ಇಂಥ ತಪ್ಪು ಇಷ್ಟು ಸುಲಭವಾಗಿ ಆಗುವುದಿಲ್ಲ, ಅಲ್ಲಿ ಎಲ್ಲವನ್ನೂ ತೋರಿಸುವುದೇ ವಾಡಿಕೆ. ಇದು ನಮ್ಮ ಮನೆಯವರೇ ಮಾಡಬಲ್ಲ ತಪ್ಪು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುತ್ತಲೇ ಅತ್ತೆ. ಚಿಕ್ಕಮ್ಮ ಗುಂಡಿಯ ಡಬ್ಬಿ ಹಿಡಿದುಕೊಂಡೇ ಓಡಿ ಬಂದಳು, ನನಗೆ ಏನೋ ಹಿಡಿಯಿತು ಎಂದುಕೊಂಡಳಂತೆ.

ಅಪ್ಪನಿಗೆ ಹೇಳಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನನ್ನೇ ನೋಡುತ್ತ ಮೆಲ್ಲಗೆ, "ಅಂದ್ರೆ ಅವರು ಬೇಡ ಅಂದಿದ್ದಲ್ಲ. ನೋಡೇ ಇಲ್ಲ" ಎಂದರು. ನೋಡೇ ಇಲ್ಲ ಅಪ್ಪ, ಒಬ್ಬರೂ ನೋಡಿಲ್ಲ ಎಂದೆ. ಅಣ್ಣಾ, ಒಂದು ಸೋಲಿನ ಸುದ್ದಿ ಕೇಳಿ ಮನುಷ್ಯನ ಮುಖ ಅಷ್ಟು ಅರಳುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಎದ್ದು ಬಂದು ನನ್ನ ಪಕ್ಕ ಕೂತು, ಆ ಸಾಲು ಎಲ್ಲಿದೆ ತೋರಿಸು ಎಂದು ಹೇಳಿ, ಅಳಿಸುವ ಕೀಲಿಯನ್ನು ತಾವೇ ಒತ್ತಿದರು. ಒಂದೊಂದು ಪುಟದಲ್ಲೂ ತಾವೇ. ನನ್ನನ್ನು ಮುಟ್ಟಗೊಡಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದನ್ನು ಹೇಳಲು ನನಗೆ ಉಸಿರು ಸಾಲದು. ಪುಟಗಳ ಪಟ್ಟಿ ಮಾಡಿ ಸರ್ಚಿಗೆ ಒಪ್ಪಿಸಿದೆ, ಬಂದು ನೋಡಪ್ಪಾ ಎಂದು ಕರೆದೆ. ಚಿಕ್ಕಮ್ಮ ಎಷ್ಟು ಮೂಗು ಮುರಿದರೂ ಒಳ್ಳೆಯವಳು. ತನ್ನ ಬ್ಲಾಗಿನಲ್ಲಿ ಚಿಟ್ಟೆಯ ಕೆಳಗೇ ನಮ್ಮ ಪುಟಗಳಿಗೆಲ್ಲ ಲಿಂಕ್ ಕೊಟ್ಟಳು, "ನಮ್ಮ ಭಾವನಿಗಿಂತ ಚೆನ್ನಾಗಿ ಯಂತ್ರದ ಮಾತು ತಿಳಿದವರಿಲ್ಲ" ಎಂದು ಬರೆದಳು. ನಾನು ಅಪ್ಪನ ಮುಂದೆ ಫೋನ್ ಇಟ್ಟು ಅವರ ಬಾಯಿಂದಲೇ ಕರಕರ, ಟಕಟಕ ಎಲ್ಲ ಕೂಗಿಸಿ, ರೆಕಾರ್ಡ್ ಮಾಡಿ ಪುಟಗಳಿಗೆ ಸೇರಿಸಿದೆ. ಮೊದಲು ನಾಚಿಕೊಂಡರು, ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಅಮ್ಮ ಅಡುಗೆಮನೆಯಿಂದ, "ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದ್ಕೋತಾರೆ!" ಎಂದು ಕೂಗುತ್ತಲೇ ಇದ್ದಳು.

ಈ ಸೋಮವಾರ ಬೆಳಿಗ್ಗೆ ಫೋನ್ ಬಂತು. ನಾಟಕದವರಿಗೆ ಬಟ್ಟೆ ಹೊಲಿಯುವ ಹೆಂಗಸು. ಅಪ್ಪ ಅಭ್ಯಾಸ ಬಲದಿಂದ ಕೂಗಿ ತೋರಿಸಿ ಎಂದರೆ, ಆಕೆ, "ನೀವು ಕೂಗಿದೀರಲ್ಲ ಸರ್, ಆ ಮೂರನೇದು, ಥೇಟ್ ಹಾಗೇ!" ಎಂದರಂತೆ. 'ಹೊಲಿಗೆ ಯಂತ್ರ ಕರಕರ ಶಬ್ದ' ಎಂದು ಹುಡುಕಿದ್ದರಂತೆ, ಮೊದಲಿಗೇ ನಿನ್ನ ಪುಟ. ಸಂಜೆಯೊಳಗೆ ಯಂತ್ರವನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದೇಬಿಟ್ಟರು. ಆಮೇಲೆ ಟೆಂಟ್ ಹೊಲಿಯುವವರೊಬ್ಬರು, ಆಮೇಲೆ ಒಬ್ಬ ಅಜ್ಜಿ, ಆಮೇಲೆ ಲೆಕ್ಕ ಇಡಲಿಲ್ಲ. ಮೇಜಿನ ಮೇಲೆ ಜಾಗವಿಲ್ಲ, ನಾನು ಈಗ ಯಂತ್ರದ ಡಬ್ಬವೊಂದರ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಆಡಿದ ಮಾತನ್ನು ಎಂದೂ ಹಿಂದಕ್ಕೆ ಪಡೆಯದ ಅಪ್ಪ ನಿನ್ನೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಸ್ತೆ ದಾಟಿ ಔಷಧಿ ಅಂಗಡಿಗೆ ಹೋದರು. ನಾನೂ ಅಮ್ಮನೂ ಕಿಟಕಿಗೆ ಅಂಟಿಕೊಂಡು ನಿಂತಿದ್ದೆವು. ಔಷಧಿ ಅಂಗಡಿಯವರು, ಗೋಡೌನಿಗೆ ಬೇರೆ ಜಾಗ ನೋಡಿಕೊಳ್ಳುತ್ತೇನೆ ಬಿಡಿ ಎಂದರಂತೆ. ಮುಖ ಸ್ವಲ್ಪ ಬಿಗಿದಿತ್ತಂತೆ, ಬಿಗಿಯಲಿ, ಸರಿಹೋಗುತ್ತದೆ. ಅಪ್ಪ ಬಂದವರೇ ಸ್ಕ್ರೂ ಡಬ್ಬಿಗಳನ್ನು ಮತ್ತೆ ಮೇಜಿನ ಮೇಲೆ ಸುರಿದರು. ಆ ಶಬ್ದ ನೀನು ಕೇಳಬೇಕಿತ್ತು ಅಣ್ಣಾ.

ಭುಜ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದುಕೋ, ಚಿಕ್ಕಮ್ಮ ಕೆನ್ನೆ ಹಿಂಡಿದ್ದಾಳೆ ಎಂದುಕೋ. ನಿನ್ನ ಸೈಟು ಸತ್ತಿದೆ ಎಂದು ಇನ್ನೊಮ್ಮೆ ಬರೆದರೆ ಕಿವಿ ಹಿಂಡುವವಳು ನಾನು.

ನಿನ್ನ ಪ್ರೀತಿಯ,
ತಂಗಿ

ತಾ.ಕ.: ಅಮ್ಮ ಊಟಕ್ಕೆ ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆ ಸಾಲನ್ನು ಎಲ್ಲ ಪುಟಗಳಿಂದಲೂ ತೆಗೆದೆವು ಎಂದೆನಲ್ಲ, ಈಗ ಒಂದು ಹೊಸ ಪುಟದಲ್ಲಿ ಮಾತ್ರ ಬೇಕೆಂದೇ ಹಾಕಿದ್ದೇನೆ. ಅಪ್ಪ ಹೇಳಿ ಹಾಕಿಸಿದ್ದು. ನಿನ್ನೆ ಔಷಧಿ ಅಂಗಡಿಯಿಂದ ಬಂದ ಮೇಲೆ, ಫೋನಿನಲ್ಲಿ ರೆಕಾರ್ಡ್ ಮಾಡುವುದು ಹೇಗೆಂದು ಕೇಳಿಕೊಂಡು, ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಒಳಗಿದ್ದರು. ಏನು ಹೇಳಿದ್ದಾರೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಸರ್ಚಿನಲ್ಲಿ ಅದು ಬರುವುದಿಲ್ಲ, ಯಾವ ಪುಟದಿಂದಲೂ ಅದಕ್ಕೆ ಲಿಂಕ್ ಇಲ್ಲ. ಬಂದರು ಮುಟ್ಟಿದ ಕೂಡಲೇ ನಮ್ಮ ಸೈಟಿನ ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು 'ಬಾಬಿನ್' ಎಂದು ಹಾಕು. ಪುಟಕ್ಕೆ ಏನು ಹೆಸರಿಡಲಿ ಎಂದು ನಾನು ಕೇಳಿದ್ದಕ್ಕೆ ಅವರೇ ಹೇಳಿದ ಹೆಸರು. ಆಮೇಲೆ, "ಬೇರೆ ಯಾರಿಗೂ ಸಿಗಲ್ಲ ತಾನೇ?" ಎಂದು ಎರಡು ಸಲ ಕೇಳಿದರು. ಇಲ್ಲ ಅಪ್ಪ ಎಂದೆ. ಹೊರಗೆ ಹೋದವರು ಬಾಗಿಲಿಂದ ತಿರುಗಿ ಬಂದು ಕೇಳಿದರು, "ಅವನಿಗೆ ಸಿಗುತ್ತೆ ತಾನೇ?"