ಪಟ್ಟಿ ಹಿಡಿದವರ ಮಾತು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಟೈಲ್ಸ್ ಧೂಳು ಎದೆಯಲ್ಲಿ ಕೂತರೆ ಸುಲಭಕ್ಕೆ ಬಿಡುವುದಿಲ್ಲ, ಬಿಸಿನೀರು ಕುಡಿಯಿರಿ. ಅತ್ತೆಯ ಮಂಡಿನೋವು ಈಗ ಪರವಾಗಿಲ್ಲ. ನಿಮ್ಮ ಮಗಳ ಮುಂದಿನ ಹಲ್ಲು ಬಿದ್ದಿದೆ, ಮಾತಾಡಿದರೆ ಗಾಳಿಯೇ ಜಾಸ್ತಿ. ನಾನೂ ಚೆನ್ನಾಗಿದ್ದೇನೆ, ಅಂದರೆ ನಿಮ್ಮ ಪತ್ರ ಬರುವವರೆಗೆ ಚೆನ್ನಾಗಿದ್ದೆ.

ಎರಡು ಹಾಳೆ ಬರೆದಿದ್ದೀರಿ. ಅದರಲ್ಲಿ ನಿಮ್ಮ ಕೆಲಸದ ಜಾಗಕ್ಕೆ ಹೊಸದಾಗಿ ಬಂದಿರುವ ಸೇಫ್ಟಿ ಮೇಡಂ ಏಳು ಸಲ ಬಂದಿದ್ದಾರೆ. ನಾನು ಬಂದಿರುವುದು ಒಂದೇ ಸಲ, ಅದೂ ‘ನೀನು ಹೇಗಿದ್ದೀಯ’ ಎನ್ನುವಲ್ಲಿ. ಬೆಳಿಗ್ಗೆ ಯಾರೂ ಸ್ವಿಚ್ ಹಾಕುವ ಮೊದಲೇ ಅವರು ತಪಾಸಣೆಯ ಪಟ್ಟಿ ಹಿಡಿದು ಬರುತ್ತಾರಂತೆ. ಡ್ರಿಲ್ಲು, ಕಟರು, ಗ್ರೈಂಡರು ಒಂದೊಂದನ್ನೂ ತಿರುಗಿಸಿ ನೋಡಿ, ವೈರಿಗೆ ಸುತ್ತಿದ ಟೇಪನ್ನು ಉಗುರಿನಲ್ಲಿ ಕೆರೆದು, ಇದರಿಂದ ಏನಾಗಬಹುದು, ಯಾರಿಗಾಗಬಹುದು, ಆದರೆ ಎಷ್ಟಾಗಬಹುದು ಎಂದು ಮೆತ್ತಗೆ ಕೇಳುತ್ತಾರಂತೆ. ಆ ‘ಮೆತ್ತಗೆ’ ಬರೆಯದಿದ್ದರೆ ಏನು ಕಳೆದುಹೋಗುತ್ತಿತ್ತು? ‘ಕಣ್ಣು ಎರಡೇ ಇರೋದು’ ಎಂದು ಅವರು ಅಂದ ತಕ್ಷಣ ನೀವು ಧೂಳು ತಡೆಯುವ ಕನ್ನಡಕ ಹಾಕಿಕೊಂಡಿರಂತೆ. ಹನ್ನೊಂದು ವರ್ಷದಿಂದ ನಾನು ಬಡಿದುಕೊಂಡಿದ್ದೂ ಅದೇ ಎರಡು ಕಣ್ಣಿನ ವಿಷಯವೇ. ಆಗೆಲ್ಲ ‘ನಿಂಗೇನ್ ಗೊತ್ತು, ಸುಮ್ನಿರೇ’ ಅಂದಿರಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಹೊಟ್ಟೆಕಿಚ್ಚು ಅನ್ನಿ, ನಾನು ಇಲ್ಲ ಅನ್ನುವುದಿಲ್ಲ. ಅವರ ವಯಸ್ಸೆಷ್ಟು, ಮದುವೆಯಾಗಿದೆಯೇ ಎಂದು ನೀವು ಬರೆದಿಲ್ಲ; ನಾನೂ ಕೇಳುವುದಿಲ್ಲ. ಮೊನ್ನೆ ನಿಮ್ಮ ಹಳೆಯ ಕನ್ನಡಕ ಹಾಕಿಕೊಂಡು ಈರುಳ್ಳಿ ಹೆಚ್ಚಿದೆ. ಕಣ್ಣೀರು ಬರಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಅತ್ತೆ ನೋಡಿ ನಕ್ಕು, ಇವನಿಗೆ ಪಟ್ಟಿ ಹಿಡಿದವರು ಹೇಳಿದರೇ ತಲೆಗೆ ಹೋಗುವುದು ಅಂದರು. ನನ್ನ ಹತ್ತಿರ ಪಟ್ಟಿ ಇಲ್ಲದಿರಬಹುದು. ಆದರೆ ನೀವು ಇಲ್ಲಿದ್ದಾಗ ಪ್ರತಿ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಚ್ಚುವಾಗ, ನಿಮ್ಮ ಹತ್ತೂ ಬೆರಳು ಎಣಿಸಿಯೇ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಅದು ನಿಮಗೆ ಗೊತ್ತೇ ಆಗಲಿಲ್ಲ. ಈಗ ಆ ಕೆಲಸ ಬೇರೆಯವರ ಪಾಲಾಗಿದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಮಗಳು ಬಿದ್ದ ಹಲ್ಲನ್ನು ನಿಮಗೆ ತೋರಿಸಲು ಎತ್ತಿಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ಮುನಿಸಿಕೊಂಡಿರುವ ನಿಮ್ಮವಳು

ತಾ.ಕ.: ಮೇಡಂ ಗ್ರೈಂಡರನ್ನು ಬಳಸಬಾರದೆಂದು ಕೆಂಪು ಚೀಟಿ ಕಟ್ಟಿದರೂ, ಡಿಸ್ಕ್ ಮುಚ್ಚುವ ಕವರು ಅಂಗಡಿಯಿಂದಲೇ ಬಂದಿಲ್ಲ ಎಂದು ಸುಳ್ಳು ಹೇಳಿ, ಅವರು ಮಹಡಿ ಹತ್ತಿದ ಮೇಲೆ ಹಾಗೇ ಓಡಿಸುತ್ತೇನೆ ಎಂದು ದೊಡ್ಡ ಜಾಣನ ಹಾಗೆ ಬರೆದಿದ್ದೀರಿ. ಡಿಸ್ಕ್ ಸಿಡಿದರೆ ಆ ಜಾಣತನ ಯಾರಿಗೆ ಬೇಕು? ಕವರು ಈಗಷ್ಟೇ ಅಟ್ಟದ ಮೇಲೆ ಸಿಕ್ಕಿತು, ನಿಮ್ಮ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದೀರಿ. ರಜೆ ಮುಗಿಸಿ ನಿಮ್ಮಲ್ಲಿಗೇ ಕೆಲಸಕ್ಕೆ ಹೊರಟು ಈ ಪತ್ರ ತರುವ ಪೇಂಟರ್ ಕೈಯಲ್ಲೇ ಕಳಿಸುತ್ತಿದ್ದೇನೆ, ನಿಮಗಲ್ಲ, ಮೇಡಂ ಕೈಗೇ ಕೊಡಲು. ಜೊತೆಗೊಂದು ಚೀಟಿ: ‘ಇವರು ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾರೆ. ದಯವಿಟ್ಟು ನೀವೇ ಎದುರು ನಿಂತು ಹಾಕಿಸಿ.’ ಕೆಳಗೆ ‘ಇವರ ಹೆಂಡತಿ’ ಎಂದು ದಪ್ಪ ಅಕ್ಷರದಲ್ಲಿ ಸಹಿ ಹಾಕಿದ್ದೇನೆ.