ತೋಳನ್ನು ನೋಡದ ನಾಯಿ

ಸದಲಗಾ
14-11-1993

ಅಥಣಿಯ ಮುರಗೆಪ್ಪ ಸಾವಕಾರರಿಗೆ ಕುರಿಗಾರ ಮಾಳಸಿದ್ದನ ಶರಣು.

ಪುಣೆಯಿಂದ ತರಿಸಿದ ಎರಡು ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಕೊಲ್ಲಾಪುರದ ಕಾವಲು ನಾಯಿಗಳ ಪಂದ್ಯಕ್ಕೆ ಕರಿಯದನ್ನು ಆರಿಸಿದ್ದೀರಂತೆ. ದಯಮಾಡಿ ಕಂದು ನಾಯಿಯನ್ನೇ ತಯಾರು ಮಾಡಿಸಿರಿ. ತರಬೇತಿಯಲ್ಲಿ ಕಳ್ಳನಾಗಿ ಓಡಿ ಕಚ್ಚಿಸಿಕೊಳ್ಳುವವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಕಂದು ನಾಯಿ ನನ್ನ ತೋಳಿಗೆ ಸುತ್ತಿದ ಗೋಣಿಯನ್ನೇ ನೋಡುತ್ತ ಓಡಿ ಬರುತ್ತದೆ. ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ, ತಾವು ‘ಬಿಡು’ ಎಂದರೆ ಬಿಟ್ಟು ಬಾಲ ಅಲ್ಲಾಡಿಸುತ್ತದೆ. ಅದಕ್ಕೆ ಇದು ಆಟ. ಕರಿಯದು ತೋಳನ್ನು ನೋಡುವುದೇ ಇಲ್ಲ. ಮೊನ್ನೆ ನಾನು ಗೋಣಿ ಬಿಚ್ಚಿ ಅದರ ಮುಂದೆ ಎಸೆದೆ. ಅದು ಗೋಣಿಯನ್ನು ದಾಟಿ ಬಂದು, ಬೊಗಳದೆ, ನನ್ನ ಮುಖವನ್ನೇ ನೋಡುತ್ತ ನಿಂತಿತು. ಹಗ್ಗ ತಮ್ಮ ಕೈಯಲ್ಲಿತ್ತು, ಹಾಗಾಗಿ ಉಳಿದೆ. ತಾವು ಮಾತ್ರ “ಭಲೇ! ನಾಯಿ ಅಂದ್ರ ಹಿಂಗಿರಬೇಕ್ ನೋಡೋ” ಎಂದು ನಕ್ಕಿರಿ.

ನಾಯಿಗಳ ನಡುವೆಯೇ ಮಲಗಿ ಬೆಳೆದವನು ನಾನು. ಇಂಥ ನೋಟವನ್ನು ಕಂಡಿಲ್ಲ.

ಬರುವ 22ನೇ ತಾರೀಖು ಸೋಮವಾರ ಹಗ್ಗ ಬಿಚ್ಚಿ ಓಡಿಸುತ್ತೇನೆ ಎಂದಿದ್ದೀರಿ. ಮಾತು ಕೊಟ್ಟಿದ್ದೇನೆ, ಬರುತ್ತೇನೆ. ಆದರೆ ಯಾವ ನಾಯಿ ಎಂಬುದನ್ನು ಮೊದಲೇ ಎರಡು ಸಾಲು ಬರೆದು ತಿಳಿಸಿರಿ.

ಹೆಂಡತಿ ಸತ್ತೆವ್ವನಿಗೆ ನಾನು ಏನೂ ಹೇಳಿರಲಿಲ್ಲ. ಇದನ್ನು ಬಾಯಲ್ಲಿ ಅಂದುಕೊಳ್ಳುತ್ತ ಬರೆಯುವಾಗ ಅವಳು ಪಕ್ಕದಲ್ಲಿ ಗೋಣಿ ಹೊಲಿಯುತ್ತಿದ್ದಳು. ತೋಳಿಗೆ ಇನ್ನೊಂದು ಪದರ ಹಾಕುತ್ತಿರಬೇಕು ಎಂದುಕೊಂಡೆ. ಈಗ ಎದ್ದು ಬಂದು, “ಸುಮ್ನ ಕುಂದರ್ರಿ” ಎಂದು ದಾರ ಹಿಡಿದು ನನ್ನ ಕುತ್ತಿಗೆಯ ಅಳತೆ ತೆಗೆದುಕೊಂಡಳು.

ತಮ್ಮ ಪತ್ರದ ದಾರಿ ಕಾಯುತ್ತಿರುವ,
ಮಾಳಸಿದ್ದ